ಔಟ್‌ಲುಕ್ 2016 ಚೆನ್ನಾಗೇ ಓಡುತ್ತಿದೆ, ಮತ್ಯಾಕೆ ಬದಲಾಯಿಸಬೇಕು?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ ನಿಲ್ಲಿಸಿತು. ಅದೇ ದಿನ ಆಫೀಸ್ 2016 ಮತ್ತು 2019ರ ಸಪೋರ್ಟೂ ಮುಗಿಯಿತು. ಆಫೀಸ್ ಅಂದರೆ ಅದರೊಳಗಿನ ಮೇಲ್ ಪ್ರೋಗ್ರಾಂ ಔಟ್‌ಲುಕ್ ಕೂಡ ಸೇರಿತು. ಮಾರನೆಯ ದಿನ ಬೆಳಗ್ಗೆ ಏನಾಯಿತು? ಏನೂ ಆಗಲಿಲ್ಲ. ಔಟ್‌ಲುಕ್ ಎಂದಿನಂತೆ ತೆರೆಯಿತು, ಮೇಲ್ ಬಂತು, ಮೇಲ್ ಹೋಯಿತು. ಆಡಿಟರ್ ಆಫೀಸು, ಪ್ರಿಂಟಿಂಗ್ ಪ್ರೆಸ್ಸು, ಟ್ರಾವೆಲ್ಸು, ಸಣ್ಣ ಕಾರ್ಖಾನೆ, ಹೀಗೆ ಎಷ್ಟೋ ಕಡೆ ಈಗಲೂ ಹಳೆಯದೇ ನಡೆಯುತ್ತಿದೆ. ಹಾಗಾಗಿ "ಚೆನ್ನಾಗೇ ಇದೆಯಲ್ಲ, ಸುಮ್ನೆ ಯಾಕೆ ಕೈ ಹಾಕೋದು?" ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಆದರೆ ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗುವುದಿಲ್ಲ. ನಿಮ್ಮ ಮೇಲ್ ಸರ್ವರ್ ಈ ಹಳೆಯ ಪ್ರೋಗ್ರಾಂ ಜೊತೆ ಇನ್ನೂ ಮಾತಾಡುತ್ತದೆಯೇ ಅನ್ನುವುದು ಒಂದು ವಿಷಯ. ಅದರಲ್ಲಿ ಹೊಸ ತೂತು, ಅಂದರೆ ದಾಳಿ ಮಾಡುವವರು ನುಗ್ಗಬಹುದಾದ ದೋಷ, ಸಿಕ್ಕರೆ ಮುಚ್ಚುವವರು ಇದ್ದಾರೆಯೇ ಅನ್ನುವುದು ಬೇರೆಯೇ ವಿಷಯ. ನಿಮ್ಮ ಮೇಲ್‌ಗಳು ನಿಜವಾಗಿ ಎಲ್ಲಿ ಕೂತಿವೆ ಅನ್ನುವುದು ಇನ್ನೊಂದು. ಮೊದಲ ಎರಡನ್ನು ಜನ ಹೇಗೋ ಕೇಳುತ್ತಾರೆ. ಕೊನೆಯದನ್ನು ಕೇಳುವುದು ಎಡವಟ್ಟಾದ ಮೇಲೆಯೇ. ನನ್ನನ್ನು ಕೇಳಿದರೆ ಯಾವಾಗ ಬದಲಾಯಿಸಬೇಕು, ಹೇಗೆ ಬದಲಾಯಿಸಬೇಕು ಎಂಬುದೆಲ್ಲ ಆ ಕೊನೆಯ ಪ್ರಶ್ನೆಯ ಮೇಲೇ ನಿಂತಿದೆ. ಇರಲಿ, ಮೊದಲಿನದರಿಂದಲೇ ಶುರು ಮಾಡೋಣ.

ಹಳೆಯ ಪ್ರೋಗ್ರಾಂ ಒಂದು ದಿನ ಕೈಕೊಟ್ಟರೆ ಅದು ಸಾಮಾನ್ಯವಾಗಿ ಹೀಗಿರುತ್ತದೆ. ಪಾಸ್‌ವರ್ಡ್ ಕೇಳುವ ಚಿಕ್ಕ ಕಿಟಕಿ ಬರುತ್ತದೆ. ನೀವು ಪಾಸ್‌ವರ್ಡ್ ಹಾಕಿ ಓಕೆ ಒತ್ತುತ್ತೀರಿ. ಎರಡು ಸೆಕೆಂಡ್ ಬಿಟ್ಟು ಅದೇ ಕಿಟಕಿ ಮತ್ತೆ ಬರುತ್ತದೆ. ಪಾಸ್‌ವರ್ಡ್ ತಪ್ಪಿರಬೇಕು ಅಂದುಕೊಂಡು ಅದನ್ನೇ ಬದಲಾಯಿಸುತ್ತೀರಿ. ಆಗ ಮೊಬೈಲಿನಲ್ಲಿ ಚೆನ್ನಾಗಿ ಬರುತ್ತಿದ್ದ ಮೇಲ್ ಕೂಡ ನಿಲ್ಲುತ್ತದೆ, ಔಟ್‌ಲುಕ್ ಮಾತ್ರ ಅದೇ ಕಿಟಕಿ ತೋರಿಸುತ್ತಾ ಕೂತಿರುತ್ತದೆ. ಪಾಸ್‌ವರ್ಡ್ ಮೊದಲೂ ಸರಿಯಾಗೇ ಇತ್ತು. ಬರೀ ಪಾಸ್‌ವರ್ಡ್ ಕೊಟ್ಟು ಒಳಗೆ ಬರುವ ಪದ್ಧತಿಯನ್ನೇ ಸರ್ವರ್‌ನವರು ನಿಲ್ಲಿಸಿದ್ದಾರೆ, ಅಷ್ಟೇ. ಜಿಮೇಲ್ ತನ್ನ ಸಾಮಾನ್ಯ ಖಾತೆಗಳಿಗೆ 2022ರ ಮೇ 30ರಂದು ಅದನ್ನು ನಿಲ್ಲಿಸಿತು. ಮೈಕ್ರೋಸಾಫ್ಟ್, ಕಂಪನಿಗಳು ಬಳಸುವ ತನ್ನ ಎಕ್ಸ್‌ಚೇಂಜ್ ಆನ್‌ಲೈನ್ ಮೇಲ್ ಖಾತೆಗಳಿಗೆ 2022ರ ಅಕ್ಟೋಬರ್‌ನಿಂದ ನಿಲ್ಲಿಸುತ್ತಾ ಬಂತು, ಹಾಟ್‌ಮೇಲ್, ಔಟ್‌ಲುಕ್ ಡಾಟ್ ಕಾಮ್ ಥರದ ಸ್ವಂತ ಖಾತೆಗಳಿಗೆ 2024ರ ಸೆಪ್ಟೆಂಬರ್ 16ರಂದು ನಿಲ್ಲಿಸಿತು.

ಅದರ ಬದಲು ಬಂದಿರುವ ಪದ್ಧತಿಯ ಹೆಸರು ಓಆತ್. ಇದರಲ್ಲಿ ಪಾಸ್‌ವರ್ಡನ್ನು ನೀವು ಮೇಲ್ ಪ್ರೋಗ್ರಾಂ ಕೈಗೆ ಕೊಡುವುದೇ ಇಲ್ಲ. ಅದು ಗೂಗಲ್ ಅಥವಾ ಮೈಕ್ರೋಸಾಫ್ಟ್‌ನದೇ ಲಾಗಿನ್ ಪುಟ ತೆರೆಯುತ್ತದೆ, ನೀವು ಅಲ್ಲಿ ಪಾಸ್‌ವರ್ಡ್ ಹಾಕುತ್ತೀರಿ, ಮೊಬೈಲಿಗೆ ಬಂದ ಒಟಿಪಿಯನ್ನೂ ಹಾಕುತ್ತೀರಿ, ಆಮೇಲೆ ಅವರು ಪ್ರೋಗ್ರಾಂಗೆ ಒಂದು ಟೋಕನ್ ಕೊಡುತ್ತಾರೆ. ಕಂಪ್ಯೂಟರ್ ಕಳುವಾದರೆ ಆ ಟೋಕನ್ ಒಂದನ್ನು ರದ್ದು ಮಾಡಿದರೆ ಸಾಕು. ಒಳ್ಳೆಯ ವ್ಯವಸ್ಥೆಯೇ. ಆದರೆ ತೀರಾ ಹಳೆಯ ಪ್ರೋಗ್ರಾಂಗಳಿಗೆ ಇದರ ಗಂಧಗಾಳಿ ಇಲ್ಲ. ಜಿಮೇಲ್‌ನಲ್ಲಿ ಇನ್ನೂ ಒಂದು ಪಕ್ಕದ ದಾರಿ ಉಳಿದಿದೆ. ಟೂ ಸ್ಟೆಪ್ ವೆರಿಫಿಕೇಷನ್ ಆನ್ ಮಾಡಿ, 16 ಅಕ್ಷರದ ಒಂದು ಆ್ಯಪ್ ಪಾಸ್‌ವರ್ಡ್ ಮಾಡಿಸಿ, ಅದನ್ನು ಔಟ್‌ಲುಕ್‌ಗೆ ಕೊಡಬೇಕು. ಪಾಸ್‌ವರ್ಡ್ ಕಿಟಕಿಯ ಕಾಟ ಅಲ್ಲಿಗೆ ನಿಲ್ಲುತ್ತದೆ. ನಿಮ್ಮ ತಲೆಬಿಸಿ ಇಷ್ಟೇ ಆಗಿದ್ದರೆ ಅದೊಂದೇ ಕಾರಣಕ್ಕೆ ಹೊಸ ಪ್ರೋಗ್ರಾಂ ಕೊಳ್ಳಬೇಕಾಗಿಲ್ಲ.

ತಪ್ಪು ಯಾವಾಗಲೂ ಹಳೆಯ ಪ್ರೋಗ್ರಾಂನದೇ ಅಂತಲೂ ಇಲ್ಲ. ಸರ್ವರ್ ಮತ್ತು ಪ್ರೋಗ್ರಾಂ ನಡುವಿನ ಮಾತನ್ನು ಗುಟ್ಟಾಗಿಡುವ ಟಿಎಲ್‌ಎಸ್ ಎಂಬ ವ್ಯವಸ್ಥೆಯಲ್ಲಿ 1.0 ಮತ್ತು 1.1 ಆವೃತ್ತಿಗಳು ದುರ್ಬಲವಾಗಿದ್ದವು. 2021ರ ಮಾರ್ಚ್‌ನಲ್ಲಿ ಇಂಟರ್ನೆಟ್ ಮಾನದಂಡ ಬರೆಯುವವರು ಅವನ್ನು ಅಧಿಕೃತವಾಗಿ ಕೈಬಿಟ್ಟರು. ಥಂಡರ್‌ಬರ್ಡ್ ಎಂಬ ಉಚಿತ ಮೇಲ್ ಪ್ರೋಗ್ರಾಂ ಅದಕ್ಕೂ ಮೊದಲೇ, 2020ರ ಜುಲೈನಲ್ಲಿ ಬಂದ 78ನೇ ಆವೃತ್ತಿಯಲ್ಲಿ, ಎರಡನ್ನೂ ಬಂದ್ ಮಾಡಿತ್ತು. ಆಗ ಅಪ್‌ಡೇಟ್ ಮಾಡಿದ ಕೆಲವರಿಗೆ ಮೇಲ್ ನಿಂತೇ ಹೋಯಿತು. ಅವರ ಡೊಮೇನ್ (ಸ್ವಂತ ಹೆಸರಿನ ವಿಳಾಸ) ಇದ್ದ ಹೋಸ್ಟಿಂಗ್ ಸರ್ವರ್, ಅಂದರೆ ಬಾಡಿಗೆಗೆ ಪಡೆದ ಸರ್ವರ್, ಹಳೆಯ ಕಾಲದಲ್ಲೇ ಕೂತಿತ್ತು. ಬೈಗುಳ ತಿಂದದ್ದು ಮಾತ್ರ ಥಂಡರ್‌ಬರ್ಡ್. ಇಂಥ ಸಂದರ್ಭದಲ್ಲಿ ಪ್ರೋಗ್ರಾಂ ಹಿಂದಕ್ಕೆ ಹಾಕಿಸುವ ಬದಲು ಹೋಸ್ಟಿಂಗ್‌ನವರಿಗೆ ಫೋನ್ ಮಾಡಿ "ಟಿಎಲ್‌ಎಸ್ 1.2 ಯಾಕಿಲ್ಲ?" ಅಂತ ಕೇಳಿ. ಉತ್ತರದಲ್ಲಿ ತಡವರಿಸಿದರೆ ಬದಲಾಯಿಸಬೇಕಾದದ್ದು ಹೋಸ್ಟಿಂಗನ್ನೇ.

ಇನ್ನು ತೂತುಗಳ ವಿಷಯ. "ನಾನು ಗೊತ್ತಿಲ್ಲದವರ ಅಟ್ಯಾಚ್‌ಮೆಂಟ್ ಒತ್ತೋದೇ ಇಲ್ಲ, ನನಗೇನಾಗುತ್ತೆ?" ಅನ್ನುವವರು ಜಾಸ್ತಿ. 2023ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಔಟ್‌ಲುಕ್‌ನ ಒಂದು ತೂತನ್ನು ಮುಚ್ಚಿತು. ಅದು ಕೆಲಸ ಮಾಡುತ್ತಿದ್ದ ರೀತಿ ತಿಳಿದರೆ ಈ ಧೈರ್ಯ ಸ್ವಲ್ಪ ಕರಗುತ್ತದೆ. ಮೀಟಿಂಗ್ ರಿಮೈಂಡರ್ ಬಂದಾಗ ಔಟ್‌ಲುಕ್ ಒಂದು ಶಬ್ದ ಮಾಡುತ್ತದೆ ಅಲ್ವಾ? ಯಾವ ಶಬ್ದ ಮಾಡಬೇಕು, ಆ ಫೈಲ್ ಎಲ್ಲಿದೆ ಅಂತ ಆ ಮೇಲ್‌ನೊಳಗೇ ಬರೆದು ಕಳಿಸಲು ಸಾಧ್ಯವಿತ್ತು. ದಾಳಿ ಮಾಡುವವರು ಅಲ್ಲಿ ತಮ್ಮ ಸರ್ವರ್‌ನ ವಿಳಾಸ ಬರೆದರು. ಆ ರಿಮೈಂಡರ್ ಬಂದ ಕ್ಷಣ ಔಟ್‌ಲುಕ್ ಶಬ್ದ ತರಲು ಆ ಸರ್ವರ್‌ಗೆ ಹೋಗುತ್ತದೆ, ಹೋಗುವಾಗ "ನಾನು ಇಂಥವನು" ಎಂದು ನಿಮ್ಮ ವಿಂಡೋಸ್ ಲಾಗಿನ್‌ನ ಗುರುತನ್ನು, ಅಂದರೆ ಪಾಸ್‌ವರ್ಡ್‌ನಿಂದ ತಯಾರಾದ ಹ್ಯಾಶನ್ನು, ಅವರಿಗೆ ಒಪ್ಪಿಸಿ ಬರುತ್ತದೆ. ನೀವು ಆ ಮೇಲ್ ತೆರೆಯಬೇಕಾಗಿಲ್ಲ. ನೋಡಬೇಕಾಗಿಯೂ ಇಲ್ಲ. ಔಟ್‌ಲುಕ್ ಓಡುತ್ತಿದ್ದರೆ ಸಾಕು.

ಇದನ್ನು ಪತ್ತೆ ಮಾಡಿ ತಿಳಿಸಿದ್ದು ಯುಕ್ರೇನಿನ ಸೈಬರ್ ತುರ್ತು ತಂಡ. ಅಪಾಯದ ಅಳತೆಯಲ್ಲಿ ಇದಕ್ಕೆ 10ಕ್ಕೆ 9.8 ಸಿಕ್ಕಿತ್ತು. ರಿಪೇರಿ ಸಿಕ್ಕಿದ್ದು ಔಟ್‌ಲುಕ್ 2013, 2016, 2019 ಮತ್ತು ಅವುಗಳ ನಂತರದವಕ್ಕೆ. 2013ರ ಅದೃಷ್ಟ ನೋಡಿ, ಅದರ ಸಪೋರ್ಟ್ ಮುಗಿಯಲು ಇನ್ನು ಒಂದು ತಿಂಗಳೂ ಇರಲಿಲ್ಲ, 2023ರ ಏಪ್ರಿಲ್ 11 ಅದರ ಕೊನೆಯ ದಿನ. ಔಟ್‌ಲುಕ್ 2010 ಆ ಪಟ್ಟಿಯಲ್ಲೇ ಇರಲಿಲ್ಲ, ಅದರ ಕಾಲ 2020ರ ಅಕ್ಟೋಬರ್‌ನಲ್ಲೇ ಮುಗಿದಿತ್ತು. ಸಪೋರ್ಟ್ ಮುಗಿಯುವುದರ ಅರ್ಥ ಇದೇ. ಪ್ರೋಗ್ರಾಂ ತನ್ನ ಪಾಡಿಗೆ ಓಡುತ್ತಿರುತ್ತದೆ, ಆದರೆ ಇನ್ನೊಂದು ಸಲ ಇಂಥದ್ದೇ ತೂತು ಸಿಕ್ಕಾಗ ತಿಂಗಳ ಅಪ್‌ಡೇಟ್‌ನಲ್ಲಿ ನಿಮ್ಮ ಸರದಿ ಬರುತ್ತದೆ ಎಂಬ ಭರವಸೆ ಇರುವುದಿಲ್ಲ. 2016 ಇಟ್ಟುಕೊಂಡವರು ಈಗ ಇದೇ ಸ್ಥಿತಿಯಲ್ಲಿದ್ದಾರೆ. ನಾಳೆಯೇ ಮುಳುಗುತ್ತೀರಿ ಅಂತ ಹೆದರಿಸುತ್ತಿಲ್ಲ. ಆದರೆ ದಿನಾ ಹೊರಗಿನವರ ಮೇಲ್ ಬರುವ, ಬ್ಯಾಂಕಿನ ವ್ಯವಹಾರವೂ ನಡೆಯುವ ಕಂಪ್ಯೂಟರಿನಲ್ಲಿ ಅದನ್ನು ವರ್ಷಗಟ್ಟಲೆ ಹಾಗೇ ಇಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಹಾಗಾದರೆ ಈಗಲೇ ಅಪ್‌ಡೇಟ್ ಒತ್ತೋಣವೇ? ತಡೆಯಿರಿ. ಮೊದಲು ಫೈಲ್ ಮೆನುವಿಗೆ ಹೋಗಿ ಅಕೌಂಟ್ ಸೆಟ್ಟಿಂಗ್ಸ್ ತೆರೆಯಿರಿ. ನಿಮ್ಮ ವಿಳಾಸದ ಪಕ್ಕ ಟೈಪ್ ಎಂಬ ಕಾಲಂ ಇರುತ್ತದೆ. ಅಲ್ಲಿ ಐಮ್ಯಾಪ್ ಅಥವಾ ಎಕ್ಸ್‌ಚೇಂಜ್ ಅಂತ ಇದ್ದರೆ ಅರ್ಧ ಚಿಂತೆ ಕಳೆಯಿತು. ನಿಮ್ಮ ಮೇಲ್‌ಗಳ ಅಸಲು ಸರ್ವರ್‌ನಲ್ಲಿದೆ, ಕಂಪ್ಯೂಟರಿನಲ್ಲಿರುವುದು ಅದರ ನಕಲು. ಹಳೆಯದನ್ನು ಮುಲಾಜಿಲ್ಲದೆ ತೆಗೆದು ಹೊಸದರಲ್ಲಿ ಅದೇ ಖಾತೆ ಸೇರಿಸಿದರೆ ಎಲ್ಲವೂ ತಾನಾಗಿ ಇಳಿದು ಬರುತ್ತದೆ. ಕಂಪ್ಯೂಟರಿನಲ್ಲಷ್ಟೇ ಉಳಿಸಿಕೊಂಡ ಫೋಲ್ಡರ್‌ಗಳು, ಆರ್ಕೈವ್ ಫೈಲುಗಳು ಇದ್ದರೆ ಅವನ್ನು ಮಾತ್ರ ಬೇರೆ ನೋಡಿಕೊಳ್ಳಬೇಕು.

ಅಲ್ಲಿ ಪಾಪ್ ಅಂತ ಇದ್ದರೆ ಕಥೆ ಬೇರೆ. ಪಾಪ್ ಅಂದರೆ ಪೋಸ್ಟ್‌ಮ್ಯಾನ್ ಮನೆಗೆ ಕಾಗದ ಕೊಟ್ಟು ಹೋದ ಹಾಗೆ. ಆಮೇಲೆ ಅಂಚೆ ಕಚೇರಿಗೆ ಹೋಗಿ ಅದರ ಪ್ರತಿ ಕೊಡಿ ಅಂದರೆ ಸಿಗುವುದಿಲ್ಲ. ಔಟ್‌ಲುಕ್ ಸಾಮಾನ್ಯವಾಗಿ 14 ದಿನ ಸರ್ವರ್‌ನಲ್ಲಿ ಪ್ರತಿ ಬಿಟ್ಟು ಆಮೇಲೆ ಅಳಿಸುತ್ತದೆ. ಅದನ್ನು ಮೊದಲೇ ಬದಲಾಯಿಸಿಟ್ಟಿದ್ದರೆ 14 ದಿನವೂ ಇಲ್ಲ. ಇನ್ನೂ ಮುಖ್ಯವಾದದ್ದು, ಪಾಪ್‌ನಲ್ಲಿ ನೀವು ಕಳಿಸಿದ ಮೇಲ್‌ಗಳು ಸಾಮಾನ್ಯವಾಗಿ ಸರ್ವರ್‌ನಲ್ಲಿ ಉಳಿಯುವುದೇ ಇಲ್ಲ. ಸೆಂಟ್ ಐಟಮ್ಸ್‌ನಲ್ಲಿ ಕಾಣುವ ಹತ್ತು ವರ್ಷದ ಕೊಟೇಷನ್ನು, ಬಿಲ್ಲು, ಪಾರ್ಟಿಗೆ ಬರೆದ ಎಚ್ಚರಿಕೆ, ಇವೆಲ್ಲ ಪ್ರಪಂಚದಲ್ಲಿ ನಿಮ್ಮ ಕಡೆಯಿಂದ ಇರುವುದು ಆ ಒಂದು ಕಂಪ್ಯೂಟರಿನಲ್ಲಿ, ಔಟ್‌ಲುಕ್ ಮೇಲ್‌ಗಳನ್ನು ಕೂಡಿಡುವ ಒಂದು ಪಿಎಸ್‌ಟಿ ಫೈಲಿನೊಳಗೆ. ಸ್ವಂತ ಡೊಮೇನ್ ಇರುವ ಹಳೆಯ ಸಣ್ಣ ಆಫೀಸುಗಳಲ್ಲಿ ಹುಡುಕಿದರೆ ಈಗಲೂ ಪಾಪ್ ಸಿಗುತ್ತದೆ. ಅಗ್ಗದ ಹೋಸ್ಟಿಂಗ್‌ನಲ್ಲಿ ಜಾಗ ಕಡಿಮೆ ಇದ್ದ ಕಾಲಕ್ಕೆ ಅದೇ ಸರಿಯಾದ ಏರ್ಪಾಡಾಗಿತ್ತು.

ಆ ಫೈಲ್ ಎಲ್ಲಿದೆ ಎಂದು ಅದೇ ಅಕೌಂಟ್ ಸೆಟ್ಟಿಂಗ್ಸ್‌ನ ಡೇಟಾ ಫೈಲ್ಸ್ ಎಂಬ ಕಡೆ ಕಾಣುತ್ತದೆ. ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಒಳಗಿನ ಔಟ್‌ಲುಕ್ ಫೈಲ್ಸ್ ಎಂಬ ಫೋಲ್ಡರ್. ಅದನ್ನು ಕಾಪಿ ಮಾಡುವ ಮೊದಲು ಔಟ್‌ಲುಕ್ ಪೂರ್ತಿ ಮುಚ್ಚಬೇಕು. ಪೆನ್‌ಡ್ರೈವ್‌ಗೆ ಹಾಕುವಾಗ "ಫೈಲ್ ತುಂಬಾ ದೊಡ್ಡದು" ಎಂಬ ಸಂದೇಶ ಬರಬಹುದು, ಪೆನ್‌ಡ್ರೈವ್‌ನಲ್ಲಿ 32 ಜಿಬಿ ಖಾಲಿ ಇದ್ದರೂ ಸಹ. ಅದು ಫ್ಯಾಟ್32 ಎಂಬ ಹಳೆಯ ವಿಧಾನದಲ್ಲಿ ಫಾರ್ಮ್ಯಾಟ್ ಆಗಿರುತ್ತದೆ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಒಂದೂ ಹಿಡಿಸುವುದಿಲ್ಲ. ಪಿಎಸ್‌ಟಿ ಆದರೋ ಔಟ್‌ಲುಕ್ 2010ರಿಂದೀಚೆಗೆ 50 ಜಿಬಿವರೆಗೆ ಬೆಳೆಯಬಲ್ಲದು. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಬಳಸಿ. ಕಾಪಿ ಆದ ಮೇಲೆ ಅದು ತೆರೆಯುತ್ತದೆಯೇ ಎಂದು ಬೇರೆ ಕಂಪ್ಯೂಟರಿನ ಔಟ್‌ಲುಕ್‌ನಲ್ಲಿ ತೆರೆದೇ ನೋಡಿ. ಸೆಂಟ್ ಫೋಲ್ಡರಿನ ತೀರಾ ಹಳೆಯ ಮೇಲ್‌ವರೆಗೆ ಹೋಗಿ, ಒಂದೆರಡು ಅಟ್ಯಾಚ್‌ಮೆಂಟ್ ತೆರೆಯಿರಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದಹಾಗೆ ಡಾಕ್ಯುಮೆಂಟ್ಸ್ ಫೋಲ್ಡರನ್ನು ಒನ್‌ಡ್ರೈವ್ ಸಿಂಕ್ ಮಾಡುತ್ತಿದ್ದರೆ ಪಿಎಸ್‌ಟಿಯನ್ನು ಅಲ್ಲಿಂದ ಹೊರಗೆ ಸಾಗಿಸಿ, ಇಬ್ಬರೂ ಒಂದೇ ಫೈಲನ್ನು ಹಿಡಿದೆಳೆದರೆ ತೊಂದರೆ ತಪ್ಪಿದ್ದಲ್ಲ.

ಪಾಪ್ ಇದ್ದವರಿಗೆ ನನ್ನ ಸಲಹೆ, ಪ್ರೋಗ್ರಾಂ ಬದಲಾಯಿಸುವ ಮೊದಲು ಮೇಲ್‌ಗಳನ್ನೇ ಸರ್ವರ್‌ಗೆ ಏರಿಸಿಬಿಡಿ. ಕೆಲಸ ಕಷ್ಟದ್ದಲ್ಲ, ಸಮಯ ತಿನ್ನುತ್ತದೆ ಅಷ್ಟೇ. ಹಳೆಯ ಔಟ್‌ಲುಕ್‌ನಲ್ಲೇ ಅದೇ ವಿಳಾಸವನ್ನು ಐಮ್ಯಾಪ್ ಆಗಿ ಎರಡನೇ ಸಲ ಸೇರಿಸಿ. ಎಡಗಡೆ ಎರಡು ಸಾಲು ಫೋಲ್ಡರ್‌ಗಳು ಕಾಣುತ್ತವೆ. ಹಳೆಯದರಿಂದ ಒಂದೊಂದು ವರ್ಷದ ಮೇಲ್ ಆರಿಸಿ ಹೊಸದಕ್ಕೆ ಕಾಪಿ ಮಾಡಿ, ಎಳೆದು ಸಾಗಿಸಬೇಡಿ, ಕಾಪಿಯೇ ಮಾಡಿ. ಒಮ್ಮೆಗೇ ಎಲ್ಲ ಸುರಿದರೆ ಮಧ್ಯದಲ್ಲಿ ನಿಲ್ಲುತ್ತದೆ, ಎಲ್ಲಿ ನಿಂತಿತು ಅಂತ ಹುಡುಕುವುದೇ ದೊಡ್ಡ ಉಸಾಬರಿ. ಸರ್ವರ್‌ನಲ್ಲಿ ಅಷ್ಟು ಜಾಗ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ, ಉಚಿತ ಜಿಮೇಲ್‌ನಲ್ಲಾದರೆ ಡ್ರೈವ್, ಫೋಟೋ ಎಲ್ಲ ಸೇರಿ 15 ಜಿಬಿ ಮಾತ್ರ. ಮೇಲ್‌ಗಳೆಲ್ಲ ಒಮ್ಮೆ ಸರ್ವರ್ ಸೇರಿದ ಮೇಲೆ ಯಾವ ಪ್ರೋಗ್ರಾಂ ಬೇಕಾದರೂ ಹಾಕಿ, ಇಷ್ಟವಾಗದಿದ್ದರೆ ತೆಗೆಯಿರಿ, ಕಳೆದುಕೊಳ್ಳುವುದು ಏನೂ ಇಲ್ಲ.

ಈಗ, ಯಾವುದಕ್ಕೆ ಹೋಗುವುದು? ಇಲ್ಲಿ ಹೆಸರಿನ ಗೊಂದಲ ಒಂದಿದೆ. "ನ್ಯೂ ಔಟ್‌ಲುಕ್" ಎನ್ನುವುದು ಹಳೆಯ ಔಟ್‌ಲುಕ್‌ನ ಮುಂದಿನ ಆವೃತ್ತಿ ಅಲ್ಲ, ಅದು ಬೇರೆಯೇ ಪ್ರೋಗ್ರಾಂ. ಬ್ರೌಸರಿನಲ್ಲಿ ಕಾಣುವ ಔಟ್‌ಲುಕ್ಕನ್ನೇ ಒಂದು ಕಿಟಕಿಯಲ್ಲಿ ಕೂರಿಸಿದ ಹಾಗಿದೆ. ವಿಂಡೋಸ್ ಜೊತೆ ಬರುತ್ತಿದ್ದ ಮೇಲ್ ಆ್ಯಪ್‌ನ ಸಪೋರ್ಟ್ 2024ರ ಕೊನೆಗೆ ಮುಗಿದಾಗ ಅದರ ಜಾಗಕ್ಕೆ ಇದನ್ನೇ ತಂದರು. ಇದರಲ್ಲಿ ಜಿಮೇಲ್ ಅಥವಾ ನಿಮ್ಮ ಹೋಸ್ಟಿಂಗ್‌ನ ಐಮ್ಯಾಪ್ ಖಾತೆ ಸೇರಿಸಿದರೆ ಆ ಮೇಲ್‌ಗಳು ಮೈಕ್ರೋಸಾಫ್ಟ್‌ನ ಕ್ಲೌಡ್‌ಗೂ ಸಿಂಕ್ ಆಗುತ್ತವೆ. ಒಪ್ಪಿಗೆ ಕೇಳುವ ಸಂದೇಶ ಬರುತ್ತದೆ, ನಾವು ಓದದೆ ಮುಂದೆ ಒತ್ತುತ್ತೇವೆ. ಮನೆ ಬಳಕೆಗೆ ಇದು ದೊಡ್ಡ ವಿಷಯ ಅಲ್ಲದಿರಬಹುದು. ಕ್ಲೈಂಟ್‌ಗಳ ಆದಾಯ ತೆರಿಗೆ ಕಾಗದ, ಕೋರ್ಟಿನ ಕಾಗದ ಇಟ್ಟುಕೊಂಡವರು ಯೋಚಿಸಿ ಒತ್ತಬೇಕು. ಹಳೆಯ ಔಟ್‌ಲುಕ್‌ಗೆ ಜೋಡಿಸಿದ ಕಾಮ್ ಆ್ಯಡ್-ಇನ್ ಎಂಬ ಹೆಚ್ಚುವರಿ ಚಿಕ್ಕ ಪ್ರೋಗ್ರಾಂಗಳೂ ಇದರಲ್ಲಿ ನಡೆಯುವುದಿಲ್ಲ.

ಈಗ "ಕ್ಲಾಸಿಕ್" ಎಂದು ಕರೆಯುವ, ನಮಗೆ ಪರಿಚಯ ಇರುವ ಔಟ್‌ಲುಕ್ ಸತ್ತಿಲ್ಲ. ಕನಿಷ್ಠ 2029ರವರೆಗೆ ಅದಕ್ಕೆ ಸಪೋರ್ಟ್ ಇದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಅದು ಬೇಕಾದವರು ಮೈಕ್ರೋಸಾಫ್ಟ್ 365ರ ಚಂದಾ ಕಟ್ಟಬೇಕು, ಇಲ್ಲವೇ ಒಂದೇ ಸಲ ದುಡ್ಡು ಕೊಟ್ಟು ಆಫೀಸ್ 2024 ಕೊಳ್ಳಬೇಕು. ಕೊಳ್ಳುವಾಗ ಬಾಕ್ಸಿನ ಮೇಲೆ ಕಣ್ಣಿಡಿ. ಹೋಮ್ 2024ರಲ್ಲಿ ವರ್ಡ್, ಎಕ್ಸೆಲ್ ಇರುತ್ತದೆ, ಔಟ್‌ಲುಕ್ ಇರುವುದಿಲ್ಲ, ಅದಕ್ಕೆ ಹೋಮ್ ಅಂಡ್ ಬಿಸಿನೆಸ್ ಬೇಕು. ಆಫೀಸ್ 2021 ಸ್ವಲ್ಪ ಅಗ್ಗಕ್ಕೆ ಸಿಕ್ಕರೂ ಬೇಡ, ಅದರ ಸಪೋರ್ಟ್ 2026ರ ಅಕ್ಟೋಬರ್ 13ಕ್ಕೇ ಮುಗಿಯುತ್ತದೆ. ನಾನೂರು ಐನೂರು ರೂಪಾಯಿಗೆ ಆನ್‌ಲೈನ್‌ನಲ್ಲಿ ಮಾರುವ ಕೀಗಳ ಬಗ್ಗೆ ಹೆಚ್ಚು ಹೇಳುವುದೇನಿದೆ? ಯಾವುದೋ ದೊಡ್ಡ ಸಂಸ್ಥೆಯ ಲೈಸೆನ್ಸ್ ಅನ್ನು ಚೂರು ಮಾಡಿ ಮಾರಿದ್ದಾದರೆ ಯಾವತ್ತು ಬ್ಲಾಕ್ ಆಗುತ್ತದೋ ಮಾರಿದವನಿಗೂ ಗೊತ್ತಿರುವುದಿಲ್ಲ.

ದುಡ್ಡು ಕೊಡುವ ಮನಸ್ಸಿಲ್ಲ, ಬರೀ ಮೇಲ್ ಸಾಕು ಅನ್ನುವವರಿಗೆ ಥಂಡರ್‌ಬರ್ಡ್ ಇದೆ. 2004ರಲ್ಲಿ ಅದರ ಮೊದಲ ಆವೃತ್ತಿ ಬಂತು, ಈಗ ಜನರ ದೇಣಿಗೆಯ ಮೇಲೆ ನಡೆಯುತ್ತಿದೆ, ಓಆತ್ ಬರುತ್ತದೆ, ಪಾಪ್ ಕೂಡ ಬರುತ್ತದೆ. ಔಟ್‌ಲುಕ್‌ನಿಂದ ಮೇಲ್ ಎಳೆದುಕೊಳ್ಳುವ ಸೌಲಭ್ಯವೂ ಇದೆ, ಆದರೆ ಅದು ಕೆಲಸ ಮಾಡಬೇಕಾದರೆ ಅದೇ ಕಂಪ್ಯೂಟರಿನಲ್ಲಿ ಔಟ್‌ಲುಕ್ ಇನ್ನೂ ಇರಬೇಕು. ಜಾಗ ಆಗಲಿ ಅಂತ ಮೊದಲೇ ಆಫೀಸ್ ಅನ್‌ಇನ್‌ಸ್ಟಾಲ್ ಮಾಡಿ, ಕೈಯಲ್ಲಿ ಪಿಎಸ್‌ಟಿ ಒಂದನ್ನೇ ಹಿಡಿದುಕೊಂಡು ಥಂಡರ್‌ಬರ್ಡ್ ಮುಂದೆ ನಿಂತರೆ ಅದು ಆ ಫೈಲನ್ನು ತಾನಾಗಿ ಓದುವುದಿಲ್ಲ.

ಮೊದಲಿಂದಲೂ ಥಂಡರ್‌ಬರ್ಡೇ ಬಳಸುತ್ತಾ ಹಳೆಯ ಆವೃತ್ತಿಯಲ್ಲಿ ನಿಂತವರ ಕಾರಣ ಬೇರೆ. 2020ರ 78ನೇ ಆವೃತ್ತಿಗೆ ಹಳೆಯ ಕಾಲದ ಆ್ಯಡ್-ಆನ್‌ಗಳು ನಿಂತು ಹೋದವು, 2023ರ ಜುಲೈನಲ್ಲಿ ಬಂದ 115ರಲ್ಲಿ ಮುಖವೇ ಬದಲಾಯಿತು. ಹೊಸ ನೋಟ ಇಷ್ಟವಾಗದಿದ್ದರೆ ಮೇಲ್ ಪಟ್ಟಿಯನ್ನು ಕಾರ್ಡಿನಿಂದ ಹಳೆಯ ಟೇಬಲ್ ನೋಟಕ್ಕೆ ತಿರುಗಿಸಬಹುದು, ಸೆಟ್ಟಿಂಗ್ ಅಲ್ಲೇ ಇದೆ. ಆದರೆ ಒಂದು ವಿಷಯ ತಿರುಗಿಸಲು ಸುಲಭವಲ್ಲ. ಹೊಸ ಆವೃತ್ತಿ ಒಮ್ಮೆ ನಿಮ್ಮ ಪ್ರೊಫೈಲ್, ಅಂದರೆ ನಿಮ್ಮ ಮೇಲ್, ಸೆಟ್ಟಿಂಗ್ ಎಲ್ಲ ಇರುವ ಫೋಲ್ಡರ್, ತೆರೆದರೆ ಹಳೆಯ ಆವೃತ್ತಿ ಆಮೇಲೆ ಅದನ್ನು ಮುಟ್ಟುವುದಿಲ್ಲ, ಹೊಸ ಪ್ರೊಫೈಲ್ ಮಾಡಿಕೋ ಅನ್ನುತ್ತದೆ. ಆದ್ದರಿಂದ ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಪುಟದಿಂದ ಪ್ರೊಫೈಲ್ ಫೋಲ್ಡರ್ ತೆರೆದು, ಥಂಡರ್‌ಬರ್ಡ್ ಮುಚ್ಚಿ, ಆ ಫೋಲ್ಡರ್ ಇಡೀ ಕಾಪಿ ಇಟ್ಟುಕೊಂಡು ಆಮೇಲೆ ಅಪ್‌ಡೇಟ್‌ಗೆ ಕೈ ಹಾಕಿ.

ಕನ್ನಡದಲ್ಲಿ ಮೇಲ್ ಬರೆದವರಿಗೆ ಇನ್ನೊಂದು ಆತಂಕ ಕಾದಿರುತ್ತದೆ. ಹೊಸ ಪ್ರೋಗ್ರಾಂನಲ್ಲಿ ಹದಿನೈದು ವರ್ಷದ ಹಿಂದಿನ ಮೇಲ್ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅಪ್‌ಡೇಟ್ ನನ್ನ ಮೇಲ್ ಕೆಡಿಸಿತು ಅಂತ ಎದೆ ಹಿಡಿದುಕೊಳ್ಳಬೇಡಿ. ಅದು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಬರೆದದ್ದಾಗಿರುತ್ತದೆ. ಆ ಫಾಂಟುಗಳಲ್ಲಿ ಒಳಗೆ ಉಳಿಯುತ್ತಿದ್ದುದೇ ಇಂಗ್ಲಿಷ್ ಸಂಕೇತ, ಕಣ್ಣಿಗೆ ಮಾತ್ರ ಕನ್ನಡ. ಹೊಸ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದ್ದರಿಂದ ವೇಷ ಕಳಚಿದೆ. ಹಳೆಯ ಫಾಂಟ್ ಹಾಕಿದರೆ ಮತ್ತೆ ಓದಬಹುದು, ಮುಖ್ಯವಾದವನ್ನು ಯೂನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್‌ಗಳೂ ಇವೆ. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಅದರ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟುಗಳನ್ನು ಎತ್ತಿಟ್ಟುಕೊಳ್ಳಿ.

ಬದಲಾಯಿಸದೇ ಇರಬಹುದಾದ ಸಂದರ್ಭ ಇಲ್ಲವೇ ಅಂದರೆ, ಇದೆ. ಹಳೆಯ ಮೇಲ್ ನೋಡುವುದಕ್ಕಷ್ಟೇ ಇಟ್ಟುಕೊಂಡ, ಇಂಟರ್ನೆಟ್ ತಂತಿಯೇ ಕಿತ್ತಿಟ್ಟ ಕಂಪ್ಯೂಟರಿನಲ್ಲಿ ಔಟ್‌ಲುಕ್ 2007 ಇದ್ದರೂ ಯಾರಿಗೇನು ನಷ್ಟ? ಇರಲಿ ಬಿಡಿ. ಇನ್ನು ವಿಂಡೋಸ್ 7ರಲ್ಲೇ ಇರುವವರ ವಿಷಯ ಮೇಲ್ ಪ್ರೋಗ್ರಾಂನದಲ್ಲ, ಕಂಪ್ಯೂಟರಿನದೇ. ಥಂಡರ್‌ಬರ್ಡ್ 115, ಕ್ರೋಮ್ 109 ಅಲ್ಲಿಗೆ ಬಂದ ಕೊನೆಯ ಆವೃತ್ತಿಗಳು.

ದಿನ ನೋಡಿ ಕೈ ಹಾಕಿ ಎಂಬುದೂ ಮುಖ್ಯ. ರಾಹುಕಾಲ ಅಲ್ಲ, ಜಿಎಸ್‌ಟಿ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ರಿಟರ್ನ್ ಸಲ್ಲಿಸುವ ಆಫೀಸಿನಲ್ಲಿ 19ನೇ ತಾರೀಖು ಔಟ್‌ಲುಕ್ ಬದಲಾಯಿಸಲು ಹೊರಟರೆ ಬೈಸಿಕೊಳ್ಳುವುದು ಖಂಡಿತ. 20 ದಾಟಿದ ಮೇಲೆ ಒಂದು ಶನಿವಾರ ಮಧ್ಯಾಹ್ನ ಒಳ್ಳೆಯದು. ಬದಲಾಯಿಸಿದ ಮೇಲೂ ಹಳೆಯದನ್ನು ಕೆಲವು ವಾರ ಇಟ್ಟುಕೊಳ್ಳಿ, ಆದರೆ ಪಾಪ್‌ನಲ್ಲೇ ಮುಂದುವರಿಯುವುದಾದರೆ ಎರಡನ್ನೂ ಒಟ್ಟಿಗೆ ಓಡಿಸಬೇಡಿ. ಯಾವುದು ಮೊದಲು ಸರ್ವರ್ ಮುಟ್ಟುತ್ತದೋ ಅದು ಮೇಲ್ ಎತ್ತಿಕೊಂಡು ಹೋಗಬಹುದು, ಅರ್ಧ ಅಲ್ಲಿ ಅರ್ಧ ಇಲ್ಲಿ ಆಗಿ, ಪಾರ್ಟಿ "ಆರ್ಡರ್ ಕಳಿಸಿದ್ದೆನಲ್ಲ" ಅಂದಾಗ ಎರಡೂ ಕಡೆ ಹುಡುಕುತ್ತಾ ಕೂರಬೇಕು. ಹಳೆಯ ಔಟ್‌ಲುಕ್‌ನಲ್ಲಿ ವರ್ಕ್ ಆಫ್‌ಲೈನ್ ಒತ್ತಿಟ್ಟರೆ ಅದು ಓದಲು ಸಿಗುತ್ತದೆ, ಸರ್ವರ್ ತಂಟೆಗೆ ಹೋಗುವುದಿಲ್ಲ.